ಹೊಗೆಯನ್ನು ಹೊರಗಟ್ಟಿದ ಮಣ್ಣಿನ ಒಲೆ

ಮನೆಯ ಅಚ್ಚುಕಟ್ಟನ್ನು ಕುರಿತು ಮಾತನಾಡುವಾಗ ನಾವು ಹಜಾರದ ನೆಲವನ್ನೂ ಕಿಟಕಿ ಬಾಗಿಲುಗಳನ್ನೂ ನೆನೆಯುತ್ತೇವೆ. ಒಲೆಯನ್ನು ನೆನೆಯುವವರು ವಿರಳ. ಆದರೂ ಸೌದೆಯನ್ನುರಿಸುವ ಮನೆಯಲ್ಲಿ ಗೃಹಿಣಿಯ ಕಣ್ಣು ಶ್ವಾಸಕೋಶಗಳ ಕ್ಷೇಮವು ಒಲೆಯ ರಚನೆಯನ್ನೇ ಅವಲಂಬಿಸಿರುವುದು. ಅವಳ ಮಗ್ಗುಲಲ್ಲಿ ಆಡುವ ಎಳೆಯ ಮಕ್ಕಳೂ ಅದೇ ಹೊಗೆಯನ್ನು ಕುಡಿಯಬೇಕಲ್ಲವೆ?

ಬೆಂಗಳೂರಿನ ಯಶವಂತಪುರಕ್ಕೆ ಸಮೀಪವಾದ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ವಿಜ್ಞಾನವನ್ನು ಹಳ್ಳಿಯ ಬಾಳಿಗೆ ಒದಗಿಸುವ ಉದ್ದೇಶದಿಂದ, 1974ರಲ್ಲಿ ಪ್ರೊಫೆಸರ್ ಅಮೂಲ್ಯ ಕುಮಾರ್ ರೆಡ್ಡಿಯವರ ಮುಂದಾಳುತನದಲ್ಲಿ ಒಂದು ಶಾಖೆಯು ಆರಂಭವಾಯಿತು. ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಕೂಡಿ ಅದು ‘ಅಸ್ತ್ರ’ವೆನಿಸಿತು. ಅಲ್ಲಿಯ ವಿದ್ವಾಂಸರು ಕುಣಿಗಲ್ ತಾಲ್ಲೂಕಿನ ಉಂಗ್ರ ಗ್ರಾಮದಲ್ಲಿ ಕೇಂದ್ರವನ್ನು ತೆರೆದು ಹಳ್ಳಿಗರ ಅಗತ್ಯಗಳನ್ನು ಅಲ್ಲಿಯೇ ಅರಿತರು. ಅವರ ಪರಿಶ್ರಮದ ಫಲಗಳಲ್ಲಿ ‘ಅಸ್ತ್ರ ಒಲೆ’ಯೂ ಒಂದು.

ಇದಕ್ಕೆ ಬೇಕಾದ ಸಾಮಗ್ರಿಯು ಮಣ್ಣು, ಇಟ್ಟಿಗೆ, ಒಂದು ಜಾಲರಿ, ಒಂದು ಹೊಗೆಕೊಳವೆ, ಇಷ್ಟೆ. ಸಾಧಾರಣ ಒಲೆಯಲ್ಲಿ ಬೇಕಾದುದಕ್ಕಿಂತ ಹೆಚ್ಚು ಗಾಳಿಯು ನುಗ್ಗಿ ಶಾಖವನ್ನು ಹೊತ್ತೊಯ್ಯುತ್ತದೆ. ಪಾತ್ರೆಗೆ ಸಲ್ಲುವುದು ನೂರರಲ್ಲಿ ಸುಮಾರು 10 ಪಾಲು ಮಾತ್ರ. ಅಸ್ತ್ರ ಒಲೆಯಲ್ಲಿ ಸೌದೆಯು ಜಾಲರಿಯ ಮೇಲೆ ಉರಿದು ಬೂದಿಯು ಕೆಳಗಿಳಿಯುತ್ತದೆ. ಗಾಳಿಯು ಜಾಲರಿಯ ಸಂದುಗಳಿಂದ ಮಿತವಾಗಿ ಮೇಲೇರುತ್ತದೆ. ಸೌದೆಯಿಡುವ ಬಾಯನ್ನು ಮುಚ್ಚಿಡಬಹುದು. ಉರಿಯು ಒಂದರ ಹಿಂದೊಂದಿರುವ ಮೂರು ಪಾತ್ರೆಗಳ ತಳವನ್ನು ಸವರಿಕೊಂಡು ಹೋಗುವುದರಿಂದ ಮುದ್ದೆಯ ಎಸರು, ಸಾರು, ಬಿಸಿನೀರು ಮೂರೂ ಒಂದೇ ಸೌದೆಯಲ್ಲಿ ಆಗುತ್ತವೆ. ಉಳಿದ ಹೊಗೆಯು ಕೊಳವೆಯ ಮೂಲಕ ಮಾಡಿನ ಮೇಲಕ್ಕೆ ಹೋಗುತ್ತದೆ. ಪರೀಕ್ಷೆಗಳಲ್ಲಿ ಇದು ನೂರಕ್ಕೆ 40ರಷ್ಟು ಶಾಖವನ್ನು ಪಾತ್ರೆಗೆ ಮುಟ್ಟಿಸಿದೆ. ಸೌದೆಯು ಉಳಿದಷ್ಟೂ ಹೆಂಗಸರ ತಲೆಹೊರೆಯು ಇಳಿಯಿತೆಂದೇ ಅರ್ಥ.

ಆದರೆ ಸುಲಭವಾದ ವಸ್ತುವೆಂದು ಉದಾಸೀನ ಸಲ್ಲದು. ಪಾತ್ರೆಯು ಕುಣಿಗೆ ಸರಿಯಾಗಿ ಕೂರದಿದ್ದರೆ ಹೊಗೆಯು ಸಂದಿನಿಂದ ಮನೆಗೇ ಬರುವುದು. ಕೊಳವೆಯಲ್ಲಿ ಮಸಿ ಕಟ್ಟಿದರೆ ಉರಿಯು ಎಳೆಯದು. ಆದುದರಿಂದ ಕಟ್ಟುವವನು ಅಳತೆಯನ್ನೂ, ಮನೆಯವರು ಶುಚಿಯನ್ನೂ ಬಿಡದೆ ಪಾಲಿಸಬೇಕು. ಮಣ್ಣು ಬಿರಿದರೆ ಮೆತ್ತಲು ಊರಿನ ಮಣ್ಣೇ ಸಾಕು; ದೂರದಿಂದ ಯಾವ ಬಿಡಿಭಾಗವನ್ನೂ ತರಿಸಬೇಕಾಗಿಲ್ಲ.

ಇಂದು ಅನೇಕ ಮನೆಗಳಿಗೆ ಗ್ಯಾಸು ಬಂದಿದೆ. ಅದು ಸಂತೋಷದ ವಿಷಯ. ಆದರೂ ಸ್ನಾನದ ಹಂಡೆಗೆ ಸೌದೆಯನ್ನುರಿಸುವ ಮನೆಗಳು ನಮ್ಮ ನಾಡಿನಲ್ಲಿ ಇನ್ನೂ ಇವೆ. ಅಂಥ ಮನೆಯ ಯಜಮಾನರು ಒಲೆಗೆ ಜಾಲರಿಯನ್ನೂ ಮಾಡಿನಿಂದ ಮೇಲೇರುವ ಕೊಳವೆಯನ್ನೂ ಅನುಭವಸ್ಥರಿಂದ ಹಾಕಿಸಿ, ಕಾಲಕಾಲಕ್ಕೆ ಮಸಿಯನ್ನು ತೆಗೆಸಬೇಕೆಂದು ಪ್ರಾರ್ಥಿಸುತ್ತೇವೆ.