ಬಾನಿಗೂ ಬೇಲಿಯುಂಟು

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಹೆಸರುಗಳೆರಡು. ಪ್ರಯಾಣಿಕರ ಪೆಟ್ಟಿಗೆಗೆ ಅಂಟಿಸುವ ಚೀಟಿಯಲ್ಲಿ ಅದು ‘ಬಿಎಲ್‌ಆರ್’. ವಿಮಾನ ಚಾಲಕನ ಕಾಗದಪತ್ರಗಳಲ್ಲಿ ಅದೇ ‘ವಿಓಬಿಎಲ್’. ಮಂಗಳೂರಿಗೆ ಚೀಟಿಯಲ್ಲಿ ‘ಐಎಕ್ಸ್‌ಇ’ ಎಂದಾದರೆ, ಚಾಲಕನಿಗೆ ‘ವಿಓಎಂಎಲ್’. ಹಿಂದಿನ ಕಾಲದ ಹೆಣ್ಣುಮಗಳಿಗೆ ತವರಿನಲ್ಲೊಂದು, ಅತ್ತೆಯ ಮನೆಯಲ್ಲೊಂದು ಹೆಸರಿರುತ್ತಿದ್ದಂತೆ, ಜಗತ್ತಿನ ದೊಡ್ಡ ವಿಮಾನ ನಿಲ್ದಾಣಗಳಿಗೆಲ್ಲ ಹೀಗೆ ಎರಡೆರಡು ಹೆಸರುಗಳುಂಟು. ಮೂರಕ್ಷರದ ಹೆಸರನ್ನು ಕೊಡುವುದು ವಿಮಾನ ಕಂಪೆನಿಗಳ ಸಂಘ. ನಾಲ್ಕಕ್ಷರದ ಪದ್ಧತಿಯನ್ನು ರೂಪಿಸಿದುದು ಸರಕಾರಗಳ ಸಂಸ್ಥೆ. ಪ್ರಯಾಣಿಕರಲ್ಲಿ ಬಹುಮಂದಿ ಈ ಎರಡರ ಹೆಸರನ್ನೂ ಕೇಳಿರಲಾರರು. ಆದರೆ ಅವರ ಪ್ರಯಾಣದ ಸುಖವು ಒಂದರ ಕೈಯಲ್ಲಿದ್ದರೆ, ಪ್ರಾಣವು ಇನ್ನೊಂದರ ಕೈಯಲ್ಲಿದೆ.

ಆಕಾಶವು ಯಾರ ಸ್ವತ್ತೂ ಅಲ್ಲವೆಂಬುದು ಜನಸಾಮಾನ್ಯರ ಭಾವನೆ. ಹಕ್ಕಿಗೆ ಗಡಿಯಿಲ್ಲ, ಮೋಡಕ್ಕೆ ರಹದಾರಿ ಬೇಕಿಲ್ಲ. ವಿಮಾನದ ಮಾತು ಬೇರೆ. ಮೊದಲನೆಯ ಮಹಾಯುದ್ಧದಲ್ಲಿ ಆಕಾಶದಿಂದ ಬಾಂಬುಗಳು ಬಿದ್ದುದನ್ನು ಕಂಡ ರಾಷ್ಟ್ರಗಳು 1919ರಲ್ಲಿ ಪ್ಯಾರಿಸಿನಲ್ಲಿ ಸೇರಿ, ತಂತಮ್ಮ ನೆಲದ ಮೇಲಣ ಬಾನು ತಂತಮ್ಮದೇ ಎಂದು ಒಡಂಬಡಿಕೆ ಬರೆದುಕೊಂಡವು. ಹೊಲಕ್ಕೆ ಬೇಲಿಯಿರುವಂತೆ ಬಾನಿಗೂ ಬೇಲಿ ಬಿದ್ದಿತು. ಆ ಬೇಲಿಯಲ್ಲಿ ದಾರಿ ಬಿಡಿಸಿಕೊಳ್ಳುವ ಕಥೆಯೇ ಅಂತರರಾಷ್ಟ್ರೀಯ ವಿಮಾನಯಾನದ ಕಥೆ.

ಎರಡನೆಯ ಮಹಾಯುದ್ಧವು ಇನ್ನೂ ಮುಗಿದಿರಲಿಲ್ಲ. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟರ ಆಹ್ವಾನದ ಮೇರೆಗೆ 1944ರ ನವೆಂಬರ್ 1ರಂದು ಹಲವು ರಾಷ್ಟ್ರಗಳ ಪ್ರತಿನಿಧಿಗಳು ಷಿಕಾಗೊ ನಗರದಲ್ಲಿ ನೆರೆದರು. ಆಗಿನ್ನೂ ಸ್ವತಂತ್ರವಾಗಿರದ ಭಾರತದ ನಿಯೋಗಕ್ಕೆ ಸರ್ ಗಿರಿಜಾಶಂಕರ ಬಾಜಪೇಯಿಯವರು ಮುಂದಾಳು. ಯುದ್ಧಕಾಲದಲ್ಲಿ ಸಾಗಣೆ ವಿಮಾನಗಳನ್ನು ರಾಶಿರಾಶಿಯಾಗಿ ಕಟ್ಟಿದ್ದ ಅಮೆರಿಕಕ್ಕೆ, ಎಲ್ಲರ ಬಾನೂ ಎಲ್ಲರಿಗೂ ತೆರೆದಿರಬೇಕೆಂಬ ಹಂಬಲ. ವಿಮಾನಗಳ ಅಭಾವದಲ್ಲಿದ್ದ ಬ್ರಿಟನ್ನಿಗೆ, ಹಾರಾಟಗಳೆಲ್ಲ ಹತೋಟಿಯಲ್ಲಿರಬೇಕೆಂಬ ಹಟ. ಸೋವಿಯೆತ್ ಒಕ್ಕೂಟವಂತೂ ಸಭೆಗೆ ಬರಲೇ ಇಲ್ಲ. ಮೂವತ್ತೇಳು ದಿನಗಳ ಚರ್ಚೆಯಾದರೂ ವ್ಯಾಪಾರದ ಜಗಳ ಬಗೆಹರಿಯಲಿಲ್ಲ. ಯಾವ ದೇಶದ ವಿಮಾನ ಯಾವ ದೇಶಕ್ಕೆ ಎಷ್ಟು ಬಾರಿ ಹೋಗಬೇಕೆಂಬುದನ್ನು ಆಯಾ ಎರಡು ಸರಕಾರಗಳು ತಮ್ಮೊಳಗೇ ಮಾತಾಡಿಕೊಳ್ಳಲೆಂದು ಬಿಡಲಾಯಿತು. ಇಂದಿಗೂ ಬಹುಮಟ್ಟಿಗೆ ಅದೇ ಪದ್ಧತಿ.

ಆದರೆ ಹಣದ ವಿಷಯದಲ್ಲಿ ಒಮ್ಮತಕ್ಕೆ ಬಾರದವರು ಪ್ರಾಣದ ವಿಷಯದಲ್ಲಿ ಒಂದಾದರು. ಡಿಸೆಂಬರ್ 7ರಂದು 52 ರಾಷ್ಟ್ರಗಳು ಸಹಿಮಾಡಿದ ಒಪ್ಪಂದದ ಫಲವಾಗಿ, 1947ರ ಏಪ್ರಿಲ್ 4ರಂದು ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯು ಜನ್ಮತಾಳಿತು. ‘ಐಕಾವೊ’ ಎಂಬುದು ಅದರ ಹ್ರಸ್ವನಾಮ. ಕೆನಡಾದ ಮಾಂಟ್ರಿಯಲ್ ಅದರ ನೆಲೆ. ಇಂದು 193 ರಾಷ್ಟ್ರಗಳು ಅದರ ಸದಸ್ಯರು. ಚಾಲಕರ ಅರ್ಹತೆ, ನಕಾಶೆ, ಹವೆಯ ವರದಿ, ಅಪಘಾತದ ವಿಚಾರಣೆ ಮುಂತಾದವುಗಳಿಗೆ ನಿಯಮಗಳನ್ನು ವಿಧಿಸುವ 19 ಅನುಬಂಧಗಳು ಆ ಒಪ್ಪಂದಕ್ಕೆ ಸೇರಿವೆ.

ಸರಕಾರಗಳು ಹೀಗೆ ಬೇಲಿಯಲ್ಲಿ ದಾರಿ ಬಿಡಿಸುತ್ತಿದ್ದಾಗಲೇ, ಆ ದಾರಿಯಲ್ಲಿ ವ್ಯಾಪಾರ ನಡೆಸುವವರೂ ಒಂದುಗೂಡಿದರು. 1945ರ ಏಪ್ರಿಲಿನಲ್ಲಿ ಕ್ಯೂಬಾದ ಹವಾನಾ ನಗರದಲ್ಲಿ 31 ದೇಶಗಳ 57 ಕಂಪೆನಿಗಳು ಸೇರಿ ಅಂತರರಾಷ್ಟ್ರೀಯ ವಿಮಾನ ಸಾರಿಗೆ ಸಂಘವನ್ನು ಸ್ಥಾಪಿಸಿದವು. ‘ಐಯಾಟಾ’ ಎಂದು ಕರೆಯುವುದು ಇದನ್ನೇ. ಬೆಂಗಳೂರಿನ ಗೃಹಸ್ಥನೊಬ್ಬನು ಮಗಳನ್ನು ನೋಡಲು ಟೊರಾಂಟೊ ನಗರಕ್ಕೆ ಹೊರಟನೆನ್ನಿ. ಲಂಡನ್ನಿನವರೆಗೆ ಒಂದು ಕಂಪೆನಿಯ ವಿಮಾನ, ಅಲ್ಲಿಂದ ಮುಂದಕ್ಕೆ ಇನ್ನೊಂದರದು. ಟಿಕೆಟ್ ಮಾತ್ರ ಒಂದೇ; ಪೆಟ್ಟಿಗೆಯೂ ಆ ಒಂದೇ ಚೀಟಿಯ ಬಲದಿಂದ ಮುಂದೆ ಸಾಗುತ್ತದೆ. ಎರಡನೆಯ ಕಂಪೆನಿಗೆ ಸಲ್ಲಬೇಕಾದ ಪಾಲು ಸಲ್ಲುವ ಬಗೆಯೆಂತು? 1947ರಲ್ಲಿ ಸಂಘವು ತೆರೆದ ಲೆಕ್ಕತೀರುವೆಯ ಮನೆಯಲ್ಲಿ ಕಂಪೆನಿಗಳ ಪರಸ್ಪರ ಬಾಕಿಗಳು ವಜಾ ಆಗಿ, ಉಳಿದ ಮೊತ್ತವಷ್ಟೇ ಕೈ ಬದಲಾಯಿಸುತ್ತದೆ.

ಬಹುಕಾಲ ಈ ಸಂಘವು ಪ್ರಯಾಣದ ದರವನ್ನೂ ಗೊತ್ತುಮಾಡುತ್ತಿತ್ತು. ಊಟವನ್ನು ಸಹ ಬಿಡಲಿಲ್ಲ! 1958ರಲ್ಲಿ ಅಟ್ಲಾಂಟಿಕ್ ಸಾಗರದ ಮೇಲಣ ಅಗ್ಗದ ದರ್ಜೆಯ ಪ್ರಯಾಣಿಕರಿಗೆ ಬರಿಯ ಸ್ಯಾಂಡ್‌ವಿಚ್ ಕೊಡತಕ್ಕದ್ದೆಂದು ಕಟ್ಟಳೆಯಾಗಿತ್ತು. ಸ್ಕ್ಯಾಂಡಿನೇವಿಯದ ಕಂಪೆನಿಯು ಬ್ರೆಡ್ಡಿನ ಮೇಲೆ ಹಬ್ಬದಡಿಗೆಯನ್ನೇ ಹೇರಿ ಬಡಿಸಿತು. ಅಮೆರಿಕದ ಕಂಪೆನಿಯು ದೂರಿತ್ತಿತು. ಬಡಿಸಿದವರು ದಂಡ ತೆರಬೇಕಾಯಿತು. ಅದೇ ವರ್ಷ ಸಂಘದ ವಾರ್ಷಿಕ ಮಹಾಸಭೆ ನಡೆದುದು ನವದೆಹಲಿಯಲ್ಲಿ. ಅಧ್ಯಕ್ಷ ಪೀಠವೇರಿದವರು ಜೆ. ಆರ್. ಡಿ. ಟಾಟಾ. 1970ರ ದಶಕದ ಕೊನೆಯಲ್ಲಿ ದರ ಕಟ್ಟುವ ಆ ಬಿಗಿ ಸಡಿಲಿತು. ಟಿಕೆಟಿನ, ಸಾಮಾನಿನ, ಲೆಕ್ಕದ ಏಕರೂಪತೆಯನ್ನು ಕಾಯುವ ಕೆಲಸ ಉಳಿದುಕೊಂಡಿತು.

ಬೇಲಿ ದಾಟುವವನಿಗೆ ಎದುರಾಗುವ ಇನ್ನೊಂದು ತೊಡಕು ಭಾಷೆ. ಗದ್ದಲದ ರೇಡಿಯೊದಲ್ಲಿ ‘ಬಿ’ ಎಂದರೆ ‘ಡಿ’ ಎಂದು ಕೇಳಿಸುತ್ತದೆ. ‘ಪಿ’ ಎಂಬುದು ‘ಟಿ’ ಆಗುತ್ತದೆ. ಆದುದರಿಂದ ಒಂದೊಂದು ಅಕ್ಷರಕ್ಕೂ ಒಂದು ಪದವನ್ನು ಗೊತ್ತುಪಡಿಸಬೇಕಾಯಿತು. ಮಾಂಟ್ರಿಯಲ್ ವಿಶ್ವವಿದ್ಯಾನಿಲಯದ ಭಾಷಾವಿಜ್ಞಾನಿ ಝಾನ್ ಪಾಲ್ ವಿನೇ ಅವರ ನೆರವಿನಿಂದ ಐಕಾವೊ ಈ ಪಟ್ಟಿಯನ್ನು ಸಿದ್ಧಪಡಿಸಿತು. ಇಂಗ್ಲಿಷ್, ಫ್ರೆಂಚ್, ಸ್ಪ್ಯಾನಿಷ್ ಮಾತನಾಡುವವರ ನಾಲಗೆಗೂ ಕಿವಿಗೂ ಒಗ್ಗುವ ಪದಗಳನ್ನೇ ಆರಿಸಬೇಕಿತ್ತು. ಪರೀಕ್ಷೆಯಲ್ಲಿ ನಿಲ್ಲದ ಕೆಲವು ಪದಗಳನ್ನು ಕೈಬಿಟ್ಟ ತರುವಾಯ, 1956ರ ಮಾರ್ಚ್ 1ರಿಂದ ಅಂತಿಮ ಪಟ್ಟಿ ಜಾರಿಗೆ ಬಂದಿತು. ಬೆಂಗಳೂರಿನ ‘ವಿಓಬಿಎಲ್’ ಅದರಲ್ಲಿ ‘ವಿಕ್ಟರ್, ಆಸ್ಕರ್, ಬ್ರಾವೊ, ಲೀಮಾ’.

ಅಕ್ಷರದ ತೊಡಕು ಕಳೆದರೂ ವಾಕ್ಯದ ತೊಡಕು ಕಳೆಯಲಿಲ್ಲ. 1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿಯ ಮೇಲೆ, ದೆಹಲಿಯಿಂದ ಮೇಲೇರುತ್ತಿದ್ದ ಸೌದಿ ವಿಮಾನಕ್ಕೂ ದೆಹಲಿಗೆ ಇಳಿಯುತ್ತಿದ್ದ ಕಜಾಕಿಸ್ತಾನದ ವಿಮಾನಕ್ಕೂ ಡಿಕ್ಕಿಯಾಗಿ 349 ಜನರು ಮಡಿದರು. ಒಬ್ಬರೂ ಬದುಕುಳಿಯಲಿಲ್ಲ. ಸೌದಿ ವಿಮಾನಕ್ಕೆ 14,000 ಅಡಿ, ಕಜಾಕ್ ವಿಮಾನಕ್ಕೆ 15,000 ಅಡಿ ಎಂದು ಆಜ್ಞೆಯಾಗಿತ್ತು. ಕಜಾಕ್ ವಿಮಾನವು ಅದಕ್ಕಿಂತ ಕೆಳಗಿಳಿದಿತ್ತು. ಆ ವಿಮಾನದಲ್ಲಿ ನಿಯಂತ್ರಣ ಗೋಪುರದೊಡನೆ ಮಾತಾಡುತ್ತಿದ್ದವನು ರೇಡಿಯೊ ಕೆಲಸದವನು. ಸಿಬ್ಬಂದಿಯ ಇಂಗ್ಲಿಷ್ ಜ್ಞಾನದ ಕೊರತೆಯನ್ನೂ ವಿಚಾರಣೆಯು ಎತ್ತಿತೋರಿಸಿತು. ಇಂಥ ಅಪಘಾತಗಳ ಪಾಠದಿಂದ ಐಕಾವೊ 2003ರಲ್ಲಿ ಭಾಷಾಪರೀಕ್ಷೆಯ ನಿಯಮವನ್ನು ಅಂಗೀಕರಿಸಿ 2008ರ ಮಾರ್ಚಿನಿಂದ ಜಾರಿಗೊಳಿಸಿತು. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರು ಕೂಡ ಪರದೇಶದವರಿಗೆ ಅರ್ಥವಾಗುವಂತೆ ನುಡಿಯಬೇಕೆಂಬ ಹೊಣೆಯೂ ಇದರಲ್ಲಿ ಅಡಗಿದೆ.

ಹೀಗಿದ್ದರೂ ಐಕಾವೊಗೆ ಸೈನ್ಯವಿಲ್ಲ, ಪೊಲೀಸರಿಲ್ಲ. ಬೇಲಿಯೇ ಎದ್ದು ಹೊಲ ಮೇಯ್ದರೆ ಮಾಡುವುದೇನು? 1983ರ ಸೆಪ್ಟೆಂಬರ್ 1ರಂದು, ದಾರಿತಪ್ಪಿ ಸೋವಿಯೆತ್ ಬಾನಿಗೆ ನುಗ್ಗಿದ್ದ ಕೊರಿಯದ ಪ್ರಯಾಣಿಕರ ವಿಮಾನವನ್ನು ಸೋವಿಯೆತ್ ಯುದ್ಧವಿಮಾನವೊಂದು ಹೊಡೆದುರುಳಿಸಿತು, ಸತ್ತವರು 269. ಹಾರುತ್ತಿರುವ ನಾಗರಿಕ ವಿಮಾನದ ಮೇಲೆ ಆಯುಧ ಪ್ರಯೋಗಿಸಕೂಡದೆಂಬ ಮಾತನ್ನು ಮರುವರ್ಷ ಮಾಂಟ್ರಿಯಲ್ಲಿನಲ್ಲಿ ಸ್ಪಷ್ಟವಾಗಿ ಒಪ್ಪಂದಕ್ಕೆ ಸೇರಿಸಲಾಯಿತು. ಆದರೂ 2014ರ ಜುಲೈ 17ರಂದು ಯುಕ್ರೇನಿನ ಮೇಲೆ ಮಲೇಶಿಯದ ವಿಮಾನವು ಕ್ಷಿಪಣಿಗೆ ತುತ್ತಾಗಿ 298 ಜನರು ಅಳಿದರು. ರಷ್ಯಾ ತನ್ನ ಹೊಣೆಯನ್ನು ಪಾಲಿಸಲಿಲ್ಲವೆಂದು ಐಕಾವೊ ಮಂಡಳಿಯು ತೀರ್ಮಾನಿಸಿದುದು 2025ರಲ್ಲಿ.

ಹಾಗಾದರೆ ಈ ನಿಯಮಗಳಿಗೆ ಬೆಲೆ ಬರುವುದು ಎಲ್ಲಿಂದ? ನೆರೆಹೊರೆಯ ನಂಬಿಕೆಯಿಂದ. ಒಂದು ದೇಶವು ಕೊಟ್ಟ ಅರ್ಹತಾಪತ್ರವನ್ನು ಇನ್ನೊಂದು ದೇಶವು ಮನ್ನಿಸಬೇಕಾದರೆ, ಅದು ಐಕಾವೊ ಮಟ್ಟವನ್ನು ಮುಟ್ಟಿರಬೇಕು. 2014ರ ಜನವರಿಯಲ್ಲಿ ಭಾರತದ ಸುರಕ್ಷತಾ ಮೇಲ್ವಿಚಾರಣೆ ಆ ಮಟ್ಟಕ್ಕೆ ಸಾಲದೆಂದು ಅಮೆರಿಕವು ನಮ್ಮ ದೇಶವನ್ನು ಎರಡನೆಯ ದರ್ಜೆಗೆ ಇಳಿಸಿತು. ಭಾರತೀಯ ಕಂಪೆನಿಗಳು ಅಮೆರಿಕಕ್ಕೆ ಹೊಸ ಹಾರಾಟಗಳನ್ನು ಸೇರಿಸುವಂತಿಲ್ಲವಾಯಿತು. ಕೊರತೆಗಳನ್ನು ತುಂಬಿಕೊಂಡ ಮೇಲೆ, 2015ರ ಏಪ್ರಿಲಿನಲ್ಲಿ, ಮೊದಲ ದರ್ಜೆ ಮರಳಿ ದೊರಕಿತು. ಯಾವ ಪೊಲೀಸನೂ ಬರಲಿಲ್ಲ. ನೆರೆಯವನು ಬೇಲಿಯ ದಾರಿಯನ್ನು ಕೊಂಚ ಕಿರಿದುಮಾಡಿದನು, ಅಷ್ಟೇ. ಬಾನಿನಲ್ಲಿ ಒಬ್ಬರಿಗೊಬ್ಬರು ದಾರಿ ಬಿಡದೆ ಯಾರಿಗೂ ಗತಿಯಿಲ್ಲ. ಆ ಅರಿವು ಇರುವಷ್ಟು ದಿನ, ಮಾಂಟ್ರಿಯಲ್ಲಿನಲ್ಲಿ ಬರೆದ ಕಾಗದಕ್ಕೆ ಬೆಲೆಯಿರುತ್ತದೆ.