ಕರ್ಪೂರದಿಂದ ಕರೆಂಟಿಗೆ

ಓದುಗರೊಬ್ಬರು ಕೇಳಿದ್ದಾರೆ: ತಂಗಿಗೆ ಹೆರಿಗೆಯಾಗಿ ತಿಂಗಳು ತುಂಬಿಲ್ಲ, ಬಾಣಂತಿ ಸನ್ನಿ. ಮಗು ತನ್ನದೇ ಅಲ್ಲ ಅನ್ನುತ್ತಾಳೆ, ಅನ್ನ ನೀರು ಬಿಟ್ಟಿದ್ದಾಳೆ. ಡಾಕ್ಟರು ಇಸಿಟಿ (ತಲೆಗೆ ಕರೆಂಟು ಕೊಡುವ ಚಿಕಿತ್ಸೆ) ಮಾಡೋಣ ಎಂದಿದ್ದಾರೆ. ಮನೆಯ ಹಿರಿಯರು ಮಾತ್ರ ‘ಕರೆಂಟ್ ಕೊಡಿಸಿದರೆ ಮಿದುಳು ಸುಟ್ಟುಹೋಗುತ್ತೆ, ಹುಡುಗಿ ಬದುಕಿಡೀ ಮಂಕಾಗಿ ಕೂರ್ತಾಳೆ’ ಎಂದು ಪಟ್ಟು ಹಿಡಿದಿದ್ದಾರೆ. ನಿಜವೇ?

ಆ ಹೆಣ್ಣುಮಗಳಿಗೆ ಈ ಚಿಕಿತ್ಸೆ ಬೇಕೋ ಬೇಡವೋ ಎಂಬುದನ್ನು ಆಕೆಯನ್ನು ಕಣ್ಣಾರೆ ಕಂಡ ವೈದ್ಯರು ಹೇಳಬೇಕು, ಲೇಖನ ಬರೆಯುವವನಲ್ಲ. ಆದರೆ ಮಿದುಳು ಸುಡುವ ಮಾತಿಗೆ ಉತ್ತರ ಕೊಡಬಹುದು: ಸುಳ್ಳು. ಅಷ್ಟೇ ಅಲ್ಲ, ಈ ಚಿಕಿತ್ಸೆಯಲ್ಲಿ ಗುಣ ಮಾಡುವುದು ಕರೆಂಟೂ ಅಲ್ಲ. ಗುಣ ಮಾಡುವುದು ಫಿಟ್ಸ್. ಕರೆಂಟು ಕಾಲಿಡುವ ನಾಲ್ಕು ವರ್ಷ ಮೊದಲೇ ಈ ಚಿಕಿತ್ಸೆ ಹುಟ್ಟಿತ್ತು, ಅದೂ ಕರ್ಪೂರದಿಂದ.

ಹಂಗೆರಿಯ ಬುಡಾಪೆಸ್ಟ್‌ನಲ್ಲಿ ಲಾಡಿಸ್ಲಾಸ್ ಮೆಡೂನಾ ಎಂಬ ವೈದ್ಯನಿದ್ದ. ಸತ್ತವರ ಮಿದುಳಿನ ತೆಳುಪದರಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡುವುದು ಅವನ ಕಸುಬು. ಮೂರ್ಛೆರೋಗದಿಂದ ನರಳಿದವರ ಮಿದುಳಿನಲ್ಲಿ ಗ್ಲಿಯಾ ಎಂಬ ಜೀವಕೋಶಗಳು ವಿಪರೀತ ಹೆಚ್ಚಿರುವಂತೆ, ಸ್ಕಿಜೋಫ್ರೇನಿಯಾ ಇದ್ದವರಲ್ಲಿ ತೀರಾ ಕಡಿಮೆ ಇರುವಂತೆ ಅವನಿಗೆ ಕಂಡಿತು. ಹಾಗಾದರೆ ಇವೆರಡು ರೋಗಗಳಿಗೆ ಎಣ್ಣೆ ಸೀಗೆಕಾಯಿ. ಒಂದನ್ನು ಬರಿಸಿದರೆ ಇನ್ನೊಂದು ಓಡಬೇಕು ಎಂದು ಲೆಕ್ಕ ಹಾಕಿದ. 1934ರ ಜನವರಿಯಲ್ಲಿ, ನಾಲ್ಕು ವರ್ಷಗಳಿಂದ ಮಾತಿಲ್ಲದೆ ಮರದ ಕೊರಡಿನಂತೆ ಬಿದ್ದಿದ್ದ ರೋಗಿಗೆ ಎಣ್ಣೆಯಲ್ಲಿ ಕರಗಿಸಿದ ಕರ್ಪೂರವನ್ನು ಚುಚ್ಚಿದ. ಬಹಳ ಹೊತ್ತು ಕಾದ ಮೇಲೆ ಫಿಟ್ಸ್ ಬಂತು. ಹೀಗೆ ಕೆಲವು ಸಲವಾದ ಮೇಲೆ ರೋಗಿ ತಾನಾಗಿ ಹಾಸಿಗೆಯಿಂದೆದ್ದು ತಿಂಡಿ ಕೇಳಿದ ಎಂದು ಮೆಡೂನಾ ಬರೆದಿದ್ದಾನೆ. ಆಸ್ಪತ್ರೆಯ ಹಳೆಯ ಕಡತಗಳನ್ನು ಮುಂದೆ ಕೆದಕಿದವರಿಗೆ ಆ ರೋಗಿ ಪೂರ್ತಿ ಗುಣವಾಗಿರಲಿಲ್ಲ ಎಂದು ತಿಳಿಯಿತು. ಸಂಶೋಧಕರ ಆತ್ಮಕಥೆಗಳನ್ನು ಸ್ವಲ್ಪ ಅನುಮಾನದಿಂದಲೇ ಓದಬೇಕು.

(ಕರ್ಪೂರ ಹೊಟ್ಟೆಗೆ ಹೋದರೆ ಫಿಟ್ಸ್ ಬರುವುದು ಇಂದಿಗೂ ನಿಜ. ದೇವರ ಗೂಡಿನ ಕರ್ಪೂರದ ಡಬ್ಬಿ ಅಂಬೆಗಾಲಿಡುವ ಮಗುವಿಗೆ ಸಿಗದಿರಲಿ.)

ಮೆಡೂನಾನ ಸಿದ್ಧಾಂತ ಶುದ್ಧ ತಪ್ಪು. ಮೂರ್ಛೆರೋಗ ಇರುವವರಿಗೆ ಚಿತ್ತಭ್ರಮೆಯ ಸಾಧ್ಯತೆ ಉಳಿದವರಿಗಿಂತ ಹೆಚ್ಚು, ಕಡಿಮೆಯಲ್ಲ. ಆದರೂ ರೋಗಿಗಳು ಚೇತರಿಸಿಕೊಳ್ಳುತ್ತಿದ್ದರು. ತಪ್ಪು ವಿಳಾಸ ಹಿಡಿದು ಹೊರಟವನು ಸರಿಯಾದ ಮನೆಯ ಬಾಗಿಲನ್ನೇ ತಟ್ಟಿದ್ದ.

ಕರ್ಪೂರದ ಸೂಜಿ ನೋವಿನದು, ಫಿಟ್ಸ್ ಯಾವಾಗ ಬರುತ್ತದೆಂಬ ಖಾತರಿಯೂ ಇಲ್ಲ. ಮೆಡೂನಾ ಕಾರ್ಡಿಯಾಜೋಲ್ ಎಂಬ ಔಷಧಕ್ಕೆ ಬದಲಾಯಿಸಿದ. ಅದು ನರಕ್ಕೆ ಹೋದ ಕೆಲವೇ ಕ್ಷಣಗಳಲ್ಲಿ ಫಿಟ್ಸ್. ಆದರೆ ಆ ಕೆಲವು ಕ್ಷಣಗಳೇ ನರಕ: ಸಾವು ಎದೆಯ ಮೇಲೆ ಬಂದು ಕೂತಂಥ ದಿಗಿಲು. ಒಮ್ಮೆ ಕಂಡವರು ಮತ್ತೆ ಬೇಡವೆಂದು ಅಂಗಲಾಚುತ್ತಿದ್ದರು. ಕರೆಂಟು ಬಂದದ್ದು ಈ ಹಿಂಸೆಯನ್ನು ತಪ್ಪಿಸಲು. ಗುಂಡಿ ಒತ್ತಿದ ಕ್ಷಣವೇ ಪ್ರಜ್ಞೆ ಹೋಗುತ್ತದೆ, ದಿಗಿಲುಪಡಲು ಸಮಯವೇ ಇಲ್ಲ. ಕ್ರೌರ್ಯದ ಗುರುತಾಗಿಬಿಟ್ಟ ಸಾಧನ ಶುರುವಾದದ್ದು ಕನಿಕರದಿಂದ ಎಂಬುದನ್ನು ಯಾರೂ ಹೇಳುವುದಿಲ್ಲ.

ರೋಮ್‌ನ ಉಗೊ ಚೆರ್ಲೆಟ್ಟಿ ನಾಯಿಗಳಿಗೆ ಕರೆಂಟಿನಿಂದ ಫಿಟ್ಸ್ ಬರಿಸುವ ಪ್ರಯೋಗ ಮಾಡಿದ್ದ. ಬಾಯಿಗೊಂದು, ಗುದದ್ವಾರಕ್ಕೊಂದು ತಂತಿ ಇಟ್ಟರೆ ಎಷ್ಟೋ ನಾಯಿಗಳು ಸಾಯುತ್ತಿದ್ದವು. ಕರೆಂಟು ಹೃದಯ ಹಾದುಹೋಗುವುದೇ ಕಾರಣವೆಂದು ಕಂಡುಕೊಂಡು ತಂತಿಗಳನ್ನು ಹಣೆಯ ಎರಡು ಬದಿಗೆ ತಂದವನು ಶಿಷ್ಯ ಲೂಚೊ ಬೀನಿ. ಊರಿನ ಕಸಾಯಿಖಾನೆಯಲ್ಲಿ ಹಂದಿಗಳನ್ನು ಕರೆಂಟಿನಿಂದ ಕೊಲ್ಲುತ್ತಾರೆಂದು ಕೇಳಿ ಚೆರ್ಲೆಟ್ಟಿ ಅಲ್ಲಿಗೇ ಹೋದ. ಹಂದಿಯ ತಲೆಗೆ ಇಕ್ಕಳ ಹಿಡಿಯುತ್ತಿದ್ದರು. ಹಂದಿ ಫಿಟ್ಸ್ ಬಂದು ಬೀಳುತ್ತಿತ್ತು, ಆಮೇಲೆ ಕತ್ತು ಕುಯ್ಯುತ್ತಿದ್ದರು. ಕುಯ್ಯದೆ ಬಿಟ್ಟ ಹಂದಿ ಎದ್ದು ಓಡಿಹೋಗುತ್ತಿತ್ತು. 1938ರ ಏಪ್ರಿಲ್‌ನಲ್ಲಿ ಮೊದಲ ಮನುಷ್ಯ ಸಿಕ್ಕ: ರೈಲು ನಿಲ್ದಾಣದಲ್ಲಿ ಅರ್ಥವಾಗದ್ದೇನೋ ಬಡಬಡಿಸುತ್ತ ಅಲೆಯುತ್ತಿದ್ದವನನ್ನು ಪೊಲೀಸರು ಕಳಿಸಿಕೊಟ್ಟಿದ್ದರು. ಮೊದಲ ಸಲ ಕರೆಂಟು ಸಾಲದೆ ಫಿಟ್ಸ್ ಬರಲಿಲ್ಲ, ಅವನು ಹಾಡತೊಡಗಿದ. ಇನ್ನೊಮ್ಮೆ ಕೊಡುವ ಮಾತಾಡುತ್ತಿದ್ದಾಗ ಅವನೇ ಸ್ಪಷ್ಟವಾಗಿ, ಬೇಡ, ಇನ್ನೊಂದು ಕೊಟ್ಟರೆ ಸಾಯುತ್ತೇನೆ ಎಂಬರ್ಥದ ಮಾತಾಡಿದನೆಂದು ಚೆರ್ಲೆಟ್ಟಿಯೇ ದಾಖಲಿಸಿದ್ದಾನೆ. ಆದರೂ ಕೊಟ್ಟರು. ಆತ ಚೇತರಿಸಿಕೊಂಡ, ಮುಂದೆ ಕಾಯಿಲೆ ಮರುಕಳಿಸಿತು. ಬೇಡ ಎಂದವನ ಮೇಲೆಯೇ ಮೊದಲ ಪ್ರಯೋಗ ನಡೆಯಿತು ಎಂಬ ಕಳಂಕವನ್ನು ತೊಳೆಯಲಾಗದು.

ಆ ಕಾಲದ ಮಾನಸಿಕ ಚಿಕಿತ್ಸೆಗಳಲ್ಲಿ ನೊಬೆಲ್ ಸಿಕ್ಕದ್ದು ಯಾವುದಕ್ಕೆ ಗೊತ್ತೇ? ಸಿಫಿಲಿಸ್‌ನಿಂದ ಬುದ್ಧಿ ಕೆಟ್ಟವರಿಗೆ ಮಲೇರಿಯಾ ಜ್ವರ ಬರಿಸಿದ ವಾಗ್ನರ್ ಯಾವುರೆಗ್‌ಗೆ 1927ರಲ್ಲಿ. ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸಿದ ಎಗಾಸ್ ಮೋನಿಸ್‌ಗೆ 1949ರಲ್ಲಿ. ಆ ಎರಡೂ ಮೂಲೆ ಸೇರಿದವು. ಪದಕ ಸಿಗದ ಇಸಿಟಿ ಉಳಿದಿದೆ.

ಫಿಟ್ಸ್ ಬಂದರೆ ಮನಸ್ಸು ಯಾಕೆ ತಿಳಿಯಾಗಬೇಕು? ತೇರು ಹೊರಡುವ ಮುಂಚಿನ ಜಾತ್ರೆಯನ್ನು ನೆನೆಯಿರಿ. ಬೆಂಡು ಬತ್ತಾಸಿನ ಅಂಗಡಿ, ಬಳೆಯ ಚೌಕಾಸಿ, ಕಳೆದುಹೋದ ಮಗುವಿನ ಅಳು, ತೊಟ್ಟಿಲಾಟದವನ ಕೂಗು. ಸಾವಿರ ಮಾತು ಒಟ್ಟಿಗೇ ನಡೆದಿರುತ್ತವೆ. ಜಾತ್ರೆ ನಡೆಯುವುದೇ ಆ ಮಾತುಗಳಿಂದ. ಎಚ್ಚರವಿರುವ ಮಿದುಳೂ ಹೀಗೆ, ಸುಮಾರು 8,600 ಕೋಟಿ ನರಕೋಶಗಳ ಗದ್ದಲ. ಅಷ್ಟರಲ್ಲಿ ಯಾರೋ ಒಬ್ಬ ‘ಗೋವಿಂದಾ’ ಎಂದ. ಅಕ್ಕಪಕ್ಕದವರು ‘ಗೋವಿಂದ’ ಎಂದರು. ಮರುಕ್ಷಣ ಬೀದಿಗೆ ಬೀದಿಯೇ ಒಂದೇ ಕೊರಳಾಯಿತು. ಫಿಟ್ಸ್ ಅಂದರೆ ಇದೇ, ನರಕೋಶಗಳೆಲ್ಲ ತಂತಮ್ಮ ಮಾತು ಬಿಟ್ಟು ಒಂದೇ ತಾಳಕ್ಕೆ ಕೂಗುವುದು. ಮಿದುಳಿನ ವಿದ್ಯುತ್ ಚಟುವಟಿಕೆ ಬರೆಯುವ ಇಇಜಿ ಕಾಗದದ ಮೇಲೆ ದೊಡ್ಡ ದೊಡ್ಡ ಅಲೆಗಳಾಗಿ ಅದು ಕಾಣುತ್ತದೆ. ಮೊದಲು ಕೂಗಿದವನು ಯಾರು ಎಂಬುದು ಮುಖ್ಯವಲ್ಲ; ಕರ್ಪೂರವೋ ಕಾರ್ಡಿಯಾಜೋಲೋ ಕರೆಂಟೋ, ಯಾರಾದರೂ ಆದೀತು. ಕರೆಂಟು ಹರಿಯುವುದು ಕೆಲವು ಸೆಕೆಂಡು ಮಾತ್ರ, ಆಮೇಲಿನ ಕೂಗೆಲ್ಲ ಜಾತ್ರೆಯದೇ. ನನ್ನ ಮಟ್ಟಿಗೆ ನಿಜವಾದ ಸೋಜಿಗ ಇರುವುದು ಕೊನೆಯಲ್ಲಿ. ಆ ಕೂಗನ್ನು ಹೊರಗಿನವರು ಯಾರೂ ನಿಲ್ಲಿಸುವುದಿಲ್ಲ, ಜನವೇ ಸುಮ್ಮನಾಗುತ್ತದೆ. ಇಇಜಿಯ ಅಲೆಗಳು ತಟಕ್ಕನೆ ಅಡಗಿ ಗೆರೆ ಚಪ್ಪಟೆಯಾಗುತ್ತದೆ. ಮಿದುಳು ತನ್ನದೇ ಬ್ರೇಕು ಹಾಕಿಕೊಂಡಿತು ಎಂದರ್ಥ. ದಿನಗಳೆದಂತೆ ಫಿಟ್ಸ್ ಬರಿಸಲು ಹೆಚ್ಚು ಹೆಚ್ಚು ಕರೆಂಟು ಬೇಕಾಗುತ್ತದೆ, ಅಂದರೆ ಬ್ರೇಕು ಬಿಗಿಯಾಗುತ್ತಿದೆ. ಗುಣದ ಗುಟ್ಟು ಆ ಬಿಗಿಯಲ್ಲೇ ಇರಬೇಕೆಂದು ಹಲವು ಸಂಶೋಧಕರ ಗುಮಾನಿ.

ಮನೆಯ ಹಿರಿಯರ ಭಯ ಆಕಾಶದಿಂದ ಉದುರಿದ್ದಲ್ಲ. ಮೊದಮೊದಲು ಅರಿವಳಿಕೆ ಇಲ್ಲದೆಯೇ ಕೊಡುತ್ತಿದ್ದರು. ಸ್ನಾಯುಗಳ ಸೆಳೆತಕ್ಕೆ ಬೆನ್ನುಮೂಳೆ ಬಿರುಕು ಬಿಟ್ಟದ್ದುಂಟು. ಹಟ ಮಾಡುವ ರೋಗಿಯನ್ನು ಹದ್ದುಬಸ್ತಿಗೆ ತರಲು ಬಳಸಿದ್ದೂ ಉಂಟು. 1975ರ ‘ಒನ್ ಫ್ಲೂ ಓವರ್ ದ ಕುಕ್ಕೂಸ್ ನೆಸ್ಟ್’ ಸಿನಿಮಾ ಆ ಚಿತ್ರವನ್ನೇ ಜಗತ್ತಿನ ಕಣ್ಣಿಗೆ ಅಚ್ಚೊತ್ತಿತು. ನಮ್ಮಲ್ಲಿ ಅರಿವಳಿಕೆ ತಜ್ಞರ ಕೊರತೆಯಿಂದ ಅರಿವಳಿಕೆಯಿಲ್ಲದ ‘ಡೈರೆಕ್ಟ್ ಇಸಿಟಿ’ ಬಹುಕಾಲ ಉಳಿಯಿತು. ಕಂಡವರು ಹೆದರಿದ್ದು ಸಹಜ. ತ್ರಿವೇಣಿಯವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರು ತೆರೆಗೆ ತಂದಾಗ ಬಾಣಂತಿತನದ ಕಾಯಿಲೆಯ ಕಾವೇರಿಗಾಗಿ ನಾಡು ಕಣ್ಣೀರಿಟ್ಟಿತು, ಆದರೆ ‘ಹುಚ್ಚಾಸ್ಪತ್ರೆ’ಯ ಒಳಗೆ ಏನು ನಡೆಯುತ್ತದೆಂಬ ಭಯ ಕರಗಲಿಲ್ಲ.

ಈಗ ನಡೆಯುವುದು ಹೀಗೆ. ಬೆಳಗ್ಗೆ ಖಾಲಿ ಹೊಟ್ಟೆ. ಕೈಗೆ ಸೂಜಿ, ತಲೆಗೆ ಇಇಜಿ ತಂತಿ. ಒಂದು ಕಾಲಿಗೆ ಬಿಪಿ ನೋಡುವ ಪಟ್ಟಿ ಸುತ್ತಿ, ಆ ಪಾದಕ್ಕೆ ರಕ್ತ ಹೋಗದಷ್ಟು ಗಾಳಿ ತುಂಬುತ್ತಾರೆ. ರೋಗಿ ನಿದ್ದೆಗೆ ಜಾರಿದ ಮೇಲೆ ಸಕ್ಸಿನಿಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಔಷಧ ಕೊಡುತ್ತಾರೆ. ಮುಖದಿಂದ ಹೊರಟ ಸಣ್ಣ ಅದುರು ಮೈಯಿಡೀ ಹರಿದು ಇಳಿಯುತ್ತದೆ. ಅದು ನಿಂತರೆ ದೇಹ ಸಿದ್ಧ. ಹಲ್ಲಿನ ನಡುವೆ ರಬ್ಬರ್ ತುಂಡು ಇಡುತ್ತಾರೆ, ಏಕೆಂದರೆ ಕರೆಂಟು ದವಡೆಯ ಸ್ನಾಯುವನ್ನು ನೇರವಾಗಿ ಹಿಡಿಯುತ್ತದೆ. ಗುಂಡಿ ಒತ್ತಿದಾಗ ನೋಡುವವರಿಗೆ ಕಾಣುವುದು ಪಟ್ಟಿ ಕಟ್ಟಿದ ಆ ಒಂದು ಪಾದದ ಕುಣಿತ ಮಾತ್ರ. ಸಡಿಲಿಸುವ ಔಷಧ ಅಲ್ಲಿಗೆ ತಲುಪಿಲ್ಲವಲ್ಲ. ಮುಕ್ಕಾಲು ನಿಮಿಷದಲ್ಲಿ ಅದೂ ನಿಲ್ಲುತ್ತದೆ. ವಾರಕ್ಕೆ ಎರಡು ಮೂರರಂತೆ, ಸಾಮಾನ್ಯವಾಗಿ ಒಟ್ಟು 6ರಿಂದ 12 ಸಲ.

ಇನ್ನು ಸುಡುವ ಲೆಕ್ಕ. ಸಾಮಾನ್ಯ ಯಂತ್ರಗಳು ಒಂದು ಸಲಕ್ಕೆ ಕೊಡಬಲ್ಲ ಗರಿಷ್ಠ ಶಕ್ತಿ ಸುಮಾರು 100 ಜೌಲ್. ಅಷ್ಟನ್ನೂ ಒಂದು ಲೋಟ, ಅಂದರೆ 200 ಮಿಲಿ, ನೀರಿಗೆ ಹಾಕಿದರೆ ಬಿಸಿಯೇರುವುದು ಸುಮಾರು 0.12 ಡಿಗ್ರಿ ಸೆಲ್ಸಿಯಸ್. ಅದರಲ್ಲೂ ಬಹುಪಾಲು ನೆತ್ತಿಯ ಚರ್ಮ, ತಲೆಬುರುಡೆಗಳಲ್ಲೇ ಸೋರಿಹೋಗುತ್ತದೆ. ಹೃದಯದ ಬಡಿತ ತಾಳ ತಪ್ಪಿ ಕುಸಿದವರ ಎದೆಗೆ ಕೊಡುವ ಶಾಕ್ ಸಾಮಾನ್ಯವಾಗಿ ಇದಕ್ಕಿಂತ ಹೆಚ್ಚು. ಅದನ್ನು ಯಾರೂ ಕ್ರೌರ್ಯ ಅನ್ನುವುದಿಲ್ಲ.

ನಿದ್ದೆ ಬರಿಸಿದ್ದೇ ಗುಣಕ್ಕೆ ಕಾರಣವಿರಬಹುದಲ್ಲ ಎಂಬ ಅನುಮಾನ ನ್ಯಾಯವೇ. ಅರಿವಳಿಕೆ ಕೊಟ್ಟು ಕರೆಂಟು ಕೊಡದೆ ಹೋಲಿಸಿದ ಪ್ರಯೋಗಗಳಿವೆ. ಬ್ರಿಟನ್ನಿನ ತಜ್ಞರು ಅವನ್ನೆಲ್ಲ ಒಟ್ಟುಗೂಡಿಸಿ 2003ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟಿಸಿದರು: ಖಿನ್ನತೆಗೆ ನಿಜವಾದ ಇಸಿಟಿ ಹುಸಿಗಿಂತ ಮೇಲು, ಮಾತ್ರೆಗಳಿಗಿಂತಲೂ ಮೇಲು. ನಮ್ಮ ನಿಮ್ಹಾನ್ಸ್‌ನಲ್ಲೂ ಒಂದು ಸ್ವಾರಸ್ಯದ ಅಧ್ಯಯನ ನಡೆದಿದೆ. ಜಾನಕಿರಾಮಯ್ಯ, ಗಂಗಾಧರ್ ಮತ್ತಿತರರು ತೀವ್ರ ಖಿನ್ನತೆಯ 45 ಮಂದಿಯನ್ನು ಮೂರು ಪಾಲು ಮಾಡಿ ಒಂದು ಗುಂಪಿಗೆ ಇಸಿಟಿ, ಒಂದಕ್ಕೆ ಇಮಿಪ್ರಮಿನ್ ಮಾತ್ರೆ, ಒಂದಕ್ಕೆ ಸುದರ್ಶನ ಕ್ರಿಯಾ ಯೋಗ ಕೊಟ್ಟರು. 2000ದಲ್ಲಿ ಬಂದ ಫಲಿತಾಂಶ: ನಾಲ್ಕು ವಾರಗಳಲ್ಲಿ ಖಿನ್ನತೆ ಕಳೆದವರು ಇಸಿಟಿಯಲ್ಲಿ ಶೇ. 93, ಮಾತ್ರೆಯಲ್ಲಿ ಶೇ. 73, ಯೋಗದಲ್ಲಿ ಶೇ. 67. ಯೋಗ ಮಾತ್ರೆಗೆ ಸರಿಸಮ ಎಂದು ಸಾರಲು ಈ ಅಧ್ಯಯನವನ್ನು ಎತ್ತಿಕೊಳ್ಳುವವರು ಮೊದಲ ಸಂಖ್ಯೆಯನ್ನು ಜಾಣತನದಿಂದ ನುಂಗುತ್ತಾರೆ. ಗುಂಪಿಗೆ ಬರೀ ಹದಿನೈದು ಜನ ಎಂಬುದನ್ನೂ.

ಹಾಗೆಂದು ಇಸಿಟಿಯ ಡಂಗುರ ಸಾರುವವರ ಜೊತೆಗೂ ನಾನಿಲ್ಲ. ಅದು ಕಾಯಿಲೆಯನ್ನು ಇಳಿಸುತ್ತದೆ, ಬೇರು ಕೀಳುವುದಿಲ್ಲ. ಹೆರಾಲ್ಡ್ ಸ್ಯಾಕೈಮ್ ತಂಡ 2001ರಲ್ಲಿ ತೋರಿಸಿದ್ದು: ಇಸಿಟಿಯಿಂದ ಗುಣವಾದ ಮೇಲೆ ಬರೀ ಹುಸಿಮಾತ್ರೆ ನುಂಗಿದವರಲ್ಲಿ ಶೇ. 84 ಮಂದಿಗೆ ಆರು ತಿಂಗಳೊಳಗೆ ಖಿನ್ನತೆ ಮರಳಿತು. ನಾರ್ಟ್ರಿಪ್ಟಲಿನ್ ಮತ್ತು ಲಿಥಿಯಂ ಎರಡನ್ನೂ ತೆಗೆದುಕೊಂಡವರಲ್ಲಿ ಶೇ. 39. ‘ಗುಣವಾಯ್ತಲ್ಲ, ಇನ್ನು ಮಾತ್ರೆ ಯಾಕೆ’ ಎನ್ನುವ ಮನೆಗಳಲ್ಲಿ ಕಾಯಿಲೆ ಮತ್ತೆ ಹೊಸ್ತಿಲು ದಾಟಿ ಬರುವುದು ಹೀಗೆ. ನೆನಪಿನ ತೊಂದರೆಯೂ ನಿಜ. ಚಿಕಿತ್ಸೆಯ ಆಸುಪಾಸಿನ ವಾರಗಳು ಹಲವರಿಗೆ ಮಸುಕಾಗುತ್ತವೆ. ಹೊಸದನ್ನು ನೆನಪಿಡುವ ಶಕ್ತಿ ಸಾಮಾನ್ಯವಾಗಿ ವಾರಗಳಲ್ಲಿ ಮರಳುತ್ತದೆ. ಆದರೆ ಹಿಂದಿನ ಕೆಲವು ಸ್ವಂತ ನೆನಪುಗಳು ಕೆಲವರಿಗೆ ಸಿಗುವುದೇ ಇಲ್ಲ. ತಲೆಯ ಬಲಬದಿಗಷ್ಟೇ ಕರೆಂಟು ಕೊಟ್ಟರೆ ಈ ನಷ್ಟ ಕಡಿಮೆ. ಇದನ್ನು ವೈದ್ಯರು ಮೊದಲೇ ಬಾಯಿಬಿಟ್ಟು ಹೇಳಬೇಕು, ಮನೆಯವರೂ ಕೇಳಿ ತಿಳಿಯಬೇಕು.

ಕಾನೂನು ಈಗ ಬಿಗಿಯಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದ ಇಸಿಟಿಯನ್ನು ನಿಷೇಧಿಸಿದೆ. ತುರ್ತು ಚಿಕಿತ್ಸೆಯ ಹೆಸರಿನಲ್ಲಿ ಇಸಿಟಿ ಕೊಡುವಂತಿಲ್ಲ. ಹದಿನೆಂಟು ತುಂಬದವರಿಗೆ ಪೋಷಕರ ಒಪ್ಪಿಗೆಯ ಜೊತೆ ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಯ ಮುಂಗಡ ಅನುಮತಿಯೂ ಬೇಕು. ಈ ಕೊನೆಯ ಷರತ್ತಿಗೆ ಮನೋವೈದ್ಯರಲ್ಲಿ ಹಲವರ ತಕರಾರಿದೆ, ಅದು ನನಗೂ ಸರಿಯೆನಿಸುತ್ತದೆ: ಹದಿನಾರರ ಹುಡುಗನೊಬ್ಬ ಕ್ಯಾಟಟೋನಿಯಾದಿಂದ ಸೆಟೆದು, ಗುಟುಕು ನೀರೂ ಇಳಿಯದೆ ಮಲಗಿರುವಾಗ, ಮಂಡಳಿಯ ಸಭೆ ಸೇರಿ ಸಹಿ ಬೀಳುವವರೆಗೆ ಅವನ ಮೂತ್ರಪಿಂಡಗಳು ಕಾಯುವುದಿಲ್ಲ.