‘ಹೋಕಸ್ ಪೋಕಸ್’ ಎಂಬ ಶಬ್ದದ ಮೂಲ

ಕಣ್ಕಟ್ಟಿಗೂ ಮೋಸಕ್ಕೂ ಆಂಗ್ಲರು ಬಳಸುವ ‘ಹೋಕಸ್ ಪೋಕಸ್’ ಎಂಬ ಶಬ್ದವನ್ನು ವಾಚಕರು ಕೇಳಿರಬಹುದು. ಒಂದನೆಯ ಜೇಮ್ಸ್ ದೊರೆಯ (1603-1625) ಕಾಲದ ಒಬ್ಬ ಗಾರುಡಿಗನಿಗೆ ಇದೇ ಹೆಸರಿದ್ದಿತೆಂದೂ, ನೋಟಕರನ್ನು ಮರುಳುಗೊಳಿಸಲು ಅವನು ಈ ಶಬ್ದಗಳಿಂದ ಮೊದಲಾಗುವ ಹುಸಿಮಂತ್ರವನ್ನು ಪಠಿಸುತ್ತಿದ್ದನೆಂದೂ ಥಾಮಸ್ ಏಡಿ ಎಂಬಾತನು ಬರೆದಿರುವನು. 1634ರಲ್ಲಿ ಈ ಹೆಸರನ್ನು ಹೊತ್ತ ಇಂದ್ರಜಾಲಗ್ರಂಥವೊಂದು ಲಂಡನ್ನಿನಲ್ಲಿ ಅಚ್ಚಾಯಿತು.

ರೋಮನ್ ಕ್ಯಾಥೊಲಿಕರ ಪೂಜಾವಿಧಿಯಲ್ಲಿ ಬರುವ, ‘ಇದು ಶರೀರ’ ಎಂದರ್ಥವಾಗುವ ‘ಹೋಕ್ ಎಸ್ಟ್ ಕಾರ್ಪುಸ್’ ಎಂಬುದರ ಅಪಭ್ರಂಶವೇ ಇದೆಂದು ಟಿಲಟ್‌ಸನ್ ಎಂಬ ಆಂಗ್ಲ ಧರ್ಮಾಧಿಕಾರಿಯು ಊಹಿಸಿದನು. ಆದರೆ ಆತನು ಆ ಮತವನ್ನು ಖಂಡಿಸಲು ಹೊರಟವನೆಂಬುದನ್ನು ನಾವು ಮರೆಯಲಾಗದು. ಧ್ವನಿಸಾಮ್ಯವೊಂದೇ ವ್ಯುತ್ಪತ್ತಿಗೆ ಪ್ರಮಾಣವಲ್ಲ. ವಂಚನೆಯೆಂಬರ್ಥದ ‘ಹೋಕ್ಸ್’ ಶಬ್ದವು ‘ಹೋಕಸ್’ ಎಂಬುದರ ಸಂಕ್ಷೇಪವೆಂದು ಕೋಶಕಾರರು ಭಾವಿಸುತ್ತಾರೆ.

ಕಿವಿಗೊಪ್ಪಿದ ಮಾತ್ರಕ್ಕೆ ವ್ಯುತ್ಪತ್ತಿಯನ್ನು ನಂಬಿದರೆ, ಗಾರುಡಿಗನಿಲ್ಲದೆಯೇ ನಾವು ಮೋಸಹೋದಂತಾಗುವುದು.